ರಿಜಿಸ್ಟರ್ ಮದುವೆಯಾದವರು ಮತ್ತೆ ಪರಮಪ್ರಸಾದ ಸ್ವೀಕರಿಸುವ ದಾರಿ

ಪ್ರಶ್ನೆ: ಫಾದರ್, ನಾನು ಕಾರ್ಕಳ ಕಡೆಯ ಕಥೋಲಿಕ್ ಮನೆಯವಳು. 11 ವರ್ಷದ ಹಿಂದೆ ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರನ್ನು ಮದುವೆಯಾದೆ. ಅವರು ಹಿಂದೂ. ಇಬ್ಬರಿಗೂ ಅದೇ ಮೊದಲ ಮದುವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದೆವು, ಆಮೇಲೆ ಅವರ ಮನೆಯವರ ಸಮಾಧಾನಕ್ಕೆ ಕಲ್ಯಾಣ ಮಂಟಪದಲ್ಲಿ ತಾಳಿ ಕಟ್ಟಿದರು. ಸಂಸಾರ ಚೆನ್ನಾಗಿದೆ. 9 ಮತ್ತು 5 ವರ್ಷದ ಇಬ್ಬರು ಮಕ್ಕಳು. ಅವರಿಗೆ ದೀಕ್ಷಾಸ್ನಾನ ಆಗಿಲ್ಲ. ಭಾನುವಾರದ ಪೂಜೆಗೆ ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂತು ಬರುತ್ತೇನೆ. ಕಳೆದ ವರ್ಷ ಅಮ್ಮ ತೀರಿಕೊಂಡರು. ಅವರ ಪೂಜೆಯಲ್ಲೂ ಪರಮಪ್ರಸಾದಕ್ಕೆ ಏಳಲಿಲ್ಲ. ನಮ್ಮ ಚಿಕ್ಕಮ್ಮ 'ನೀನು ಸಭೆಯಿಂದ ಹೊರಗೆ ಬಿದ್ದವಳು, ಗಂಡ ಕ್ರೈಸ್ತನಾದರೆ ಮಾತ್ರ ದಾರಿ' ಅನ್ನುತ್ತಾರೆ. ನನ್ನವರು ಒಳ್ಳೆಯವರು. ಆದರೆ 'ಇನ್ನೊಂದು ಸಲ ಮದುವೆ ಆಗಲ್ಲ, ಯಾವ ಪೇಪರಿಗೂ ಸಹಿ ಹಾಕಲ್ಲ' ಅಂದಿದ್ದಾರೆ. ನನಗೆ ದಾರಿ ಇದೆಯೇ?

ಉತ್ತರ: ಇದೆ. ನಿಮ್ಮ ಯಜಮಾನರು ಚರ್ಚಿನ ಮೆಟ್ಟಿಲು ಹತ್ತದೆಯೇ ಆಗುವ ದಾರಿಯೂ ಇದೆ. ಆದರೆ ಮೊದಲು ಚಿಕ್ಕಮ್ಮನ ಮಾತನ್ನು ಮುಗಿಸೋಣ.

ನೀವು ಸಭೆಯಿಂದ, ಅಂದರೆ ಕಥೋಲಿಕ್ ಚರ್ಚಿನಿಂದ, ಹೊರಗೆ ಬಿದ್ದಿಲ್ಲ. ಚಿಕ್ಕಮ್ಮ ಸುಮ್ನೆ ಏನೋ ಹೇಳಿದ್ದಲ್ಲ, ಅದಕ್ಕೊಂದು ಹಿನ್ನೆಲೆ ಇದೆ. ಸಭೆಯ 1917ರ ಕಾನೂನು ಸಂಹಿತೆಯಲ್ಲಿ, ಕಥೋಲಿಕರಲ್ಲದ ಧರ್ಮಗುರುವಿನ ಮುಂದೆ ಮದುವೆಯಾದ ಕಥೋಲಿಕರಿಗೆ ಬಹಿಷ್ಕಾರದ ಶಿಕ್ಷೆ ಇತ್ತು. ಹಳಬರಲ್ಲಿ ಆ ಭಯ ಇನ್ನೂ ಉಳಿದಿದೆ. ಪೋಪ್ ಆರನೇ ಪಾಲ್ 1970ರಲ್ಲಿ ಮಿಶ್ರ ವಿವಾಹಗಳ ಬಗ್ಗೆ ಹೊರಡಿಸಿದ ಆದೇಶದಲ್ಲಿ ಆ ಶಿಕ್ಷೆಯನ್ನೇ ತೆಗೆದುಹಾಕಿದರು. ಅಷ್ಟೇ ಅಲ್ಲ, ಮೊದಲೇ ಶಿಕ್ಷೆಗೆ ಒಳಗಾಗಿದ್ದವರಿಗೂ ಅದು ಇನ್ನು ಲಾಗೂ ಆಗುವುದಿಲ್ಲ ಅಂದರು. 1983ರ ಸಂಹಿತೆಯಲ್ಲೂ ಅದು ಇಲ್ಲ. ನೀವು ಕಥೋಲಿಕರೇ. ಪೂಜೆಗೆ ಬರುವ ಹಕ್ಕು, ಅಷ್ಟೇ ಏಕೆ, ಬರಬೇಕಾದ ಬಾಧ್ಯತೆಯೂ ನಿಮಗಿದೆ. ಗಂಡ ಮತಾಂತರ ಆಗಬೇಕು ಅನ್ನುವುದು ಯಾವ ನಿಯಮದಲ್ಲೂ ಇಲ್ಲ. ಸಂಸ್ಕಾರಕ್ಕಾಗಿ ಗಂಡನನ್ನು ಒತ್ತಾಯದಿಂದ ಕ್ರೈಸ್ತನನ್ನಾಗಿಸಿದರೆ ಆ ದೀಕ್ಷಾಸ್ನಾನವೇ ತಪ್ಪು.

ಹಾಗಾದರೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ದೇಹವೆಂದು ಸ್ವೀಕರಿಸುವ ರೊಟ್ಟಿ, ಯಾಕಿಲ್ಲ? ನಿಮ್ಮ ಮದುವೆ ಸರ್ಕಾರದ ಲೆಕ್ಕದಲ್ಲಿ ಗಟ್ಟಿ, ಸಭೆಯ ಲೆಕ್ಕದಲ್ಲಿ ಇನ್ನೂ ಆಗಿಲ್ಲ. ಕಾರಣ ಎರಡು. ಒಂದು, ಕಥೋಲಿಕರು ತಮ್ಮ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳ ಅಥವಾ ಅವರು ನೇಮಿಸಿದವರ ಮುಂದೆ, ಇಬ್ಬರು ಸಾಕ್ಷಿಗಳ ಎದುರು ಸಮ್ಮತಿ ಹೇಳಬೇಕು. ಇದನ್ನು ಮದುವೆಯ 'ಫಾರ್ಮ್' ಅನ್ನುತ್ತೇವೆ. ಇದು ಅಧಿಕಾರದ ಹಮ್ಮಿನಿಂದ ಬಂದ ನಿಯಮವಲ್ಲ. ಹಿಂದೆ ಯುರೋಪಿನಲ್ಲಿ ಹುಡುಗ ಹುಡುಗಿ ಗುಟ್ಟಾಗಿ ಮಾತು ಕೊಟ್ಟು ಮದುವೆಯಾಗುತ್ತಿದ್ದರು. ಆಮೇಲೆ ಹುಡುಗ 'ನಾನು ಮದುವೆಯಾಗೇ ಇಲ್ಲ' ಅಂತ ಬೇರೆಯವಳ ಕೈ ಹಿಡಿದರೆ ಕೇಳುವವರು ಇರುತ್ತಿರಲಿಲ್ಲ. ಇದನ್ನು ನಿಲ್ಲಿಸೋಕೆ 1563ರಲ್ಲಿ ಟ್ರೆಂಟ್ ಮಹಾಸಭೆ ಗುರು ಮತ್ತು ಸಾಕ್ಷಿಗಳು ಇರಲೇಬೇಕು ಎಂದಿತು. ಎರಡನೇ ಕಾರಣ, ದೀಕ್ಷಾಸ್ನಾನ ಆದ ಕಥೋಲಿಕರಿಗೂ ಆಗದವರಿಗೂ ನಡೆಯುವ ಮದುವೆಗೆ ಸಭೆಯ ಸಂಹಿತೆಯ ಕಾನನ್ (ಕಲಮು) 1086ರಲ್ಲಿ ಅಡ್ಡಿ ಇದೆ. ಮೊದಲೇ ವಿನಾಯಿತಿ ಪಡೆಯದಿದ್ದರೆ ಮದುವೆ ಸಿಂಧುವಾಗುವುದಿಲ್ಲ.

ಎರಡೂ ಸಭೆ ತಾನೇ ಮಾಡಿಕೊಂಡ ನಿಯಮಗಳು, ನೆನಪಿರಲಿ. ಸಭೆ ಹಾಕಿದ ಗಂಟನ್ನು ಸಭೆಯೇ ಬಿಚ್ಚಬಹುದು. ನಿಮಗಾಗಲಿ ನಿಮ್ಮವರಿಗಾಗಲಿ ಮೊದಲೇ ಇನ್ನೊಂದು ಮದುವೆ ಆಗಿದ್ದರೆ ಮಾತು ಬೇರೆ ಇತ್ತು.

ಸಾಮಾನ್ಯವಾಗಿ ಗುರುಗಳು ಮೊದಲು ಹೇಳುವುದು ಕನ್ವ್ಯಾಲಿಡೇಶನ್. ಧರ್ಮಾಧ್ಯಕ್ಷರಿಂದ (ಬಿಷಪ್) ವಿನಾಯಿತಿ ಬರುತ್ತದೆ, ಒಂದು ದಿನ ಗುರುಗಳ ಮುಂದೆ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಸಮ್ಮತಿ ಹೇಳುತ್ತೀರಿ, ಮುಗಿಯಿತು. ಬಿಳಿ ಸೀರೆ ಬೇಡ, ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ ಬೇಡ, ಛತ್ರ ಬೇಡ. ಚರ್ಚಿನಲ್ಲಿ ಜನ ಇಲ್ಲದ ಹೊತ್ತಿನಲ್ಲಿ ಹತ್ತು ನಿಮಿಷದಲ್ಲಿ ಆಗಿಬಿಡುತ್ತದೆ. ಇಬ್ಬರೂ ಕಥೋಲಿಕರಾಗಿದ್ದು, ಮನೆಯವರು ಒಪ್ಪದೆ ರಿಜಿಸ್ಟರ್ ಮದುವೆಯಾದವರಿಗೆ ಇದೇ ಸರಿಯಾದ ದಾರಿ.

ನಿಮಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ವ್ಯಾಲಿಡೇಶನ್ ಅಂದರೆ ಹಳೆ ಮದುವೆಗೆ ಆಶೀರ್ವಾದ ಅಲ್ಲ. 'ಈವರೆಗೆ ನಮ್ಮದು ಮದುವೆಯಾಗಿರಲಿಲ್ಲ, ಈಗ ಆಗುತ್ತಿದ್ದೇವೆ' ಅನ್ನುವ ಹೊಸ ಸಮ್ಮತಿ ಅಲ್ಲಿ ಬೇಕು. ನಿಮ್ಮ ಯಜಮಾನರನ್ನು ನೆನೆಸಿಕೊಳ್ಳಿ. ಅಗ್ನಿಸಾಕ್ಷಿಯಾಗಿ ತಾಳಿ ಕಟ್ಟಿದ್ದಾರೆ, ಇಬ್ಬರು ಮಕ್ಕಳನ್ನು ಸಾಕಿದ್ದಾರೆ. ಅವರ ಪಾಲಿಗೆ ಅದು ಮದುವೆ ಅಲ್ಲದೆ ಇನ್ನೇನು? 'ಇನ್ನೊಂದು ಸಲ ಮದುವೆ ಆಗಲ್ಲ' ಅಂತ ಅವರು ಹೇಳಿದ್ದರಲ್ಲಿ ಹಟ ಇಲ್ಲ, ಪ್ರಾಮಾಣಿಕತೆ ಇದೆ. ನಿಮ್ಮ ಕಣ್ಣೀರು ನೋಡಲಾಗದೆ ಅವರು ಬಂದು ಗಿಳಿಪಾಠ ಒಪ್ಪಿಸಿ ಹೋದರೆ, ಮನಸ್ಸಿನಲ್ಲಿ ಹೊಸ ಸಮ್ಮತಿಯೇ ಇಲ್ಲದಿದ್ದರೆ, ಆ ಶಾಸ್ತ್ರ ಸಭೆಯ ಕಣ್ಣಿನಲ್ಲೇ ಪೊಳ್ಳು. ಇಂಥ ಫೈಲುಗಳು ಮುಂದೆ ಚರ್ಚ್ ನ್ಯಾಯಮಂಡಳಿಯ ಮೇಜಿಗೆ ಬರುತ್ತವೆ. 'ಅವಳಿಗೆ ಬೇಕಿತ್ತು ಅಂತ ಬಂದೆ, ನನಗೇನೂ ಹೊಸದಾಗಿ ಅನಿಸಲಿಲ್ಲ' ಎಂದು ಗಂಡ ಹೇಳಿದಾಗ ಏನು ಮಾಡುವುದು?

ಇಂಥ ದಂಪತಿಗಳಿಗೆ ಸಭೆ ಇಟ್ಟಿರುವ ದಾರಿ ಬೇರೆ. ಲ್ಯಾಟಿನ್ನಿನಲ್ಲಿ 'ಸನಾತ್ಸಿಯೊ ಇನ್ ರಾದಿಚೆ', ಕಚೇರಿ ಮಾತಿನಲ್ಲಿ 'ಸನೇಶನ್'. ಮದುವೆಯನ್ನು ಬುಡದಿಂದಲೇ ಸರಿಪಡಿಸುವುದು. ಕಾನನ್ 1161ರಿಂದ 1165ರವರೆಗೆ ಇದರ ವಿವರ ಇದೆ. 11 ವರ್ಷದ ಹಿಂದೆ ನೀವಿಬ್ಬರೂ ಕೊಟ್ಟ ಸಮ್ಮತಿ ನಿಜವಾದದ್ದು, ಅದು ಇವತ್ತಿಗೂ ಹಾಗೇ ಇದೆ ಎಂದು ಸಭೆ ಒಪ್ಪಿಕೊಳ್ಳುತ್ತದೆ. ಆಗ ಕೊರತೆಯಾಗಿದ್ದ ಫಾರ್ಮಿಗೂ ಅಡ್ಡಿಗೂ ಒಟ್ಟಿಗೇ ವಿನಾಯಿತಿ ಕೊಡುತ್ತದೆ. ಹೊಸದಾಗಿ ಸಮ್ಮತಿ ಹೇಳುವುದು ಬೇಡ, ಶಾಸ್ತ್ರ ಬೇಡ, ಸಾಕ್ಷಿಗಳ ಎದುರು ನಿಲ್ಲುವುದೂ ಬೇಡ. ಧರ್ಮಾಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ ಗಳಿಗೆಯಲ್ಲಿ ಮದುವೆ ಸಿಂಧುವಾಗುತ್ತದೆ. ಅದರ ಫಲ ನೀವು ಮದುವೆಯಾದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ನಿಮ್ಮಂಥ ಬಿಡಿ ಪ್ರಕರಣಗಳಲ್ಲಿ ಇದನ್ನು ಕೊಡುವ ಅಧಿಕಾರ ಧರ್ಮಪ್ರಾಂತ್ಯದ (ಡಯಾಸಿಸ್, ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಧರ್ಮಾಧ್ಯಕ್ಷರಿಗೇ ಇದೆ. ರೋಮಿಗೆ ಬರೆಯಬೇಕಾಗಿಲ್ಲ. ನೀವು ಬೆಂಗಳೂರಿನಲ್ಲಿ ನೆಲೆಸಿರುವುದರಿಂದ ನಿಮ್ಮ ಅರ್ಜಿ ಹೋಗುವುದು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಿಗೆ.

ಇಷ್ಟು ಒಳ್ಳೆಯ ದಾರಿ ಇದ್ದೂ ನಮ್ಮ ಗುರುಗಳಲ್ಲಿ ಹಲವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಅನ್ನುವುದು ನನ್ನ ತಕರಾರು. ಕೆಲವರಿಗೆ ಸೆಮಿನರಿಯಲ್ಲಿ ಓದಿದ್ದು ಮರೆತಿರುತ್ತದೆ. ಕೆಲವರಿಗೆ ಅದು ತೀರಾ ಸಲೀಸು ಅನಿಸುತ್ತದೆ. 'ಎಲ್ಲರಿಗೂ ಹೀಗೆ ಮಾಡಿಕೊಟ್ಟರೆ ಚರ್ಚಿನಲ್ಲಿ ಮದುವೆಯಾಗುವವರು ಯಾರು' ಅನ್ನುವವರನ್ನೂ ಕಂಡಿದ್ದೇನೆ. 11 ವರ್ಷ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಇದನ್ನು ಸಲೀಸು ಅನ್ನಲಾದೀತೇ? ನಿಮ್ಮ ಧರ್ಮಕೇಂದ್ರದಲ್ಲಿ ಅಂಥ ಉತ್ತರ ಸಿಕ್ಕರೆ ಜಗಳ ಮಾಡಬೇಡಿ. 'ಫಾದರ್, ಸನೇಶನ್‌ಗೆ ಅರ್ಜಿ ಹಾಕೋಣ ಅಂತಿದ್ದೇನೆ' ಅಂತ ಆ ಪದವನ್ನೇ ಹೇಳಿ. ಅಷ್ಟಕ್ಕೂ ಆಗದಿದ್ದರೆ ಮಿಲ್ಲರ್ಸ್ ರಸ್ತೆಯಲ್ಲಿರುವ ಮಹಾಧರ್ಮಾಧ್ಯಕ್ಷರ ಕಚೇರಿಯಲ್ಲಿ ಮದುವೆಯ ವಿಷಯ ನೋಡಿಕೊಳ್ಳುವ ಗುರುಗಳನ್ನು ಕೇಳಬಹುದು.

ಇನ್ನು ಸಹಿಯ ವಿಷಯ. 1917ರ ಸಂಹಿತೆಯ ಕಾಲದಲ್ಲಿ ಕಥೋಲಿಕರಲ್ಲದ ಸಂಗಾತಿಯೂ ಮಾತು ಕೊಡಬೇಕಿತ್ತು. 1970ರ ಆದೇಶದ ನಂತರ ಅದು ಇಲ್ಲ. ಈಗ ಮಾತು ಕೊಡಬೇಕಾದವರು ನೀವೊಬ್ಬರೇ. ಕಾನನ್ 1125ರ ಪ್ರಕಾರ ಎರಡು ಮಾತು: ನನ್ನ ವಿಶ್ವಾಸ ಬಿಟ್ಟುಹೋಗುವ ಅಪಾಯವನ್ನು ದೂರ ಇಡುತ್ತೇನೆ, ಮಕ್ಕಳಿಗೆಲ್ಲ ದೀಕ್ಷಾಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ನನ್ನ ಕೈಲಾದದ್ದೆಲ್ಲ ಮಾಡುತ್ತೇನೆ. ನೀವು ಹೀಗೆ ಮಾತು ಕೊಟ್ಟಿದ್ದೀರಿ ಎಂಬುದು ನಿಮ್ಮ ಯಜಮಾನರಿಗೆ ಗೊತ್ತಿರಬೇಕು, ಅಷ್ಟೇ. ಕೆಲವು ಧರ್ಮಪ್ರಾಂತ್ಯಗಳ ಅರ್ಜಿ ನಮೂನೆಯಲ್ಲಿ 'ನನಗೆ ತಿಳಿಸಲಾಗಿದೆ' ಅಂತ ಅವರ ಸಹಿಗೆ ಜಾಗ ಇರುತ್ತದೆ. ಅವರು ಹಾಕದಿದ್ದರೆ 'ತಿಳಿಸಲಾಗಿದೆ' ಎಂದು ಗುರುಗಳೇ ಬರೆಯಬಹುದು. ಗಂಡನಿಗೆ ಗೊತ್ತೇ ಇಲ್ಲದೆಯೂ ಸನೇಶನ್ ಕೊಡಲು ಕಾನನ್ 1164ರಲ್ಲಿ ಅವಕಾಶ ಇದೆ, ಆದರೆ ಅದಕ್ಕೆ ಗಂಭೀರ ಕಾರಣ ಬೇಕು. ನಿಮಗೆ ಅದು ಬೇಡ. ಚೆನ್ನಾಗಿರುವ ಸಂಸಾರದಲ್ಲಿ ಇಂಥದ್ದನ್ನು ಮುಚ್ಚಿಡಬಾರದು.

'ಕೈಲಾದದ್ದೆಲ್ಲ' ಎಂಬ ಮಾತನ್ನು ಹಗುರ ಮಾಡಿ ನೋಡಬೇಡಿ, ಭಾರ ಮಾಡಿಕೊಂಡು ಹೆದರಲೂ ಬೇಡಿ. ನಿಮ್ಮಿಂದ ಕೇಳುತ್ತಿರುವುದು ಪ್ರಾಮಾಣಿಕ ಪ್ರಯತ್ನ, ಫಲಿತಾಂಶದ ಗ್ಯಾರಂಟಿ ಅಲ್ಲ. ಮನೆಯಲ್ಲಿ ಇನ್ನೊಬ್ಬರ ಮನಸ್ಸಾಕ್ಷಿಯೂ ಇದೆ ಎಂಬುದು ಸಭೆಗೆ ಗೊತ್ತು. ದೀಕ್ಷಾಸ್ನಾನಕ್ಕೆ ತಂದೆ ತಾಯಿಯಲ್ಲಿ ಒಬ್ಬರಾದರೂ ಒಪ್ಪಬೇಕು, ಮಗು ವಿಶ್ವಾಸದಲ್ಲಿ ಬೆಳೆಯುತ್ತದೆ ಎಂಬ ನಂಬಿಕೆಗೆ ಆಧಾರ ಇರಬೇಕು. ಕಾನೂನಿನ ಮಟ್ಟಕ್ಕೆ ನಿಮ್ಮೊಬ್ಬರ ಒಪ್ಪಿಗೆ ಸಾಕು. ಆದರೂ ಯಜಮಾನರು ಊರಿಗೆ ಹೋದಾಗ ಮಗುವನ್ನು ಎತ್ತಿಕೊಂಡು ಚರ್ಚಿಗೆ ಓಡಬೇಡಿ. ಕಿರಿಯ ಮಗುವಿನ ವಿಷಯ ನೀವಿಬ್ಬರೂ ಕೂತು ಮಾತಾಡಿ. ದೊಡ್ಡ ಮಗುವಿಗೆ 7 ವರ್ಷ ದಾಟಿದೆ. ದೀಕ್ಷಾಸ್ನಾನದ ಮಟ್ಟಿಗೆ ಸಭೆ ಅಂಥ ಮಕ್ಕಳನ್ನು ದೊಡ್ಡವರ ಲೆಕ್ಕಕ್ಕೇ ಸೇರಿಸುತ್ತದೆ. ಅಂದರೆ ಮಗುವಿಗೇ ಬೇಕು ಅನಿಸಬೇಕು, ಧರ್ಮೋಪದೇಶದ ತರಗತಿಗೆ ಹೋಗಿ ಕಲಿಯಬೇಕು. ಹೆಸರು ಬದಲಾಯಿಸುತ್ತಾರೇನೋ ಎಂಬ ಚಿಂತೆ ಹಿಂದೂ ತಂದೆಯರಲ್ಲಿ ಜಾಸ್ತಿ. ಬೇಕಾಗಿಲ್ಲ. ಹೆಸರು ಕ್ರೈಸ್ತ ಭಾವನೆಗೆ ವಿರುದ್ಧ ಇರಬಾರದು ಅಂತಷ್ಟೇ ಕಾನನ್ 855 ಹೇಳುತ್ತದೆ.

ಈಗ ಕಾಗದಪತ್ರ. ಮುಖ್ಯವಾದದ್ದು ನಿಮ್ಮ ದೀಕ್ಷಾಸ್ನಾನದ ಸರ್ಟಿಫಿಕೇಟ್. ಮನೆಯ ಬೀರುವಿನಲ್ಲಿರುವ ಹಳೆಯದು ಆಗುವುದಿಲ್ಲ, ಹೊಸದಾಗಿ ತೆಗೆಸಬೇಕು. ದೀಕ್ಷಾಸ್ನಾನದ ದೊಡ್ಡ ಪುಸ್ತಕದಲ್ಲಿ ನಿಮ್ಮ ಹೆಸರು, ತಂದೆ ತಾಯಿ, ಜ್ಞಾನ ತಂದೆ ತಾಯಿಯ (ಗಾಡ್‌ಪೇರೆಂಟ್ಸ್) ಹೆಸರುಗಳ ಪಕ್ಕದಲ್ಲಿ ಷರಾ ಬರೆಯಲು ಒಂದು ಜಾಗ ಇರುತ್ತದೆ. ಮುಂದೆ ದೃಢೀಕರಣ ಸಂಸ್ಕಾರ (ಕನ್ಫರ್ಮೇಶನ್) ಆದದ್ದು, ಮದುವೆಯಾದದ್ದು, ಸನ್ಯಾಸ ತೆಗೆದುಕೊಂಡದ್ದು ಎಲ್ಲ ಅದೇ ಸಾಲಿನಲ್ಲಿ ಸೇರುತ್ತಾ ಹೋಗುತ್ತವೆ. ಆ ಜಾಗದಲ್ಲಿ ಮದುವೆಯ ಷರಾ ಇಲ್ಲ ಅಂದರೆ ನೀವು ಚರ್ಚಿನಲ್ಲಿ ಬೇರೆ ಮದುವೆಯಾಗಿಲ್ಲ ಎಂದರ್ಥ. ಅದಕ್ಕೇ ಹೊಸ ಸರ್ಟಿಫಿಕೇಟ್ ಕೇಳುವುದು. ಕಾರ್ಕಳ ಕಡೆಯ ಧರ್ಮಕೇಂದ್ರಗಳು 2012ರಲ್ಲಿ ಮಂಗಳೂರಿನಿಂದ ಬೇರೆಯಾಗಿ ಉಡುಪಿ ಧರ್ಮಪ್ರಾಂತ್ಯಕ್ಕೆ ಸೇರಿದವು. ಅದರಿಂದ ತಲೆಕೆಡಿಸಿಕೊಳ್ಳಬೇಡಿ. ಪುಸ್ತಕ ಇರುವುದು ನಿಮಗೆ ದೀಕ್ಷಾಸ್ನಾನ ಆದ ಚರ್ಚಿನಲ್ಲೇ. ಅಲ್ಲಿ ವರ್ಷದ ವಂತಿಗೆ ಬಾಕಿ ಇದೆ ಎಂಬ ಮಾತು ಬಂದರೆ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು, ಸರ್ಟಿಫಿಕೇಟಿಗೂ ಅದಕ್ಕೂ ಸಂಬಂಧ ಇಲ್ಲ.

ಇದರ ಜೊತೆ ಸರ್ಕಾರದ ಮದುವೆ ಸರ್ಟಿಫಿಕೇಟಿನ ಪ್ರತಿ, ಗುರುತಿನ ಚೀಟಿ, ಇಬ್ಬರಿಗೂ ಮೊದಲು ಬೇರೆ ಮದುವೆ ಆಗಿರಲಿಲ್ಲ ಎಂದು ಬಲ್ಲವರ ಹೇಳಿಕೆ. ನಿಮ್ಮದೊಂದು ಪತ್ರ. ಮಿಕ್ಕದ್ದನ್ನು ಧರ್ಮಕೇಂದ್ರದ ಗುರುಗಳೇ ಬರೆದು ಕಳಿಸುತ್ತಾರೆ. ನೀವಿಬ್ಬರೂ ಮುಂದೆಯೂ ಒಟ್ಟಿಗೆ ಬಾಳುವವರು ಎಂಬುದು ಅವರಿಗೆ ಖಾತ್ರಿ ಆಗಬೇಕು, ಯಾಕೆಂದರೆ ಮುರಿಯುವ ಹಂತದಲ್ಲಿರುವ ಸಂಸಾರಕ್ಕೆ ಸನೇಶನ್ ಕೊಡುವುದಿಲ್ಲ. ಆದೇಶ ಬಂದ ಮೇಲೆ ಧರ್ಮಕೇಂದ್ರದ ಮದುವೆ ಪುಸ್ತಕದಲ್ಲಿ ದಾಖಲೆ ಆಗುತ್ತದೆ. ನಿಮ್ಮ ಊರಿನ ಚರ್ಚಿಗೂ ತಿಳಿಸುತ್ತಾರೆ, ಅಲ್ಲಿ ನಿಮ್ಮ ಹೆಸರಿನ ಪಕ್ಕ ಷರಾ ಬೀಳುತ್ತದೆ. ಇದು ನಿಜಕ್ಕೂ ಆಯಿತೇ ಎಂದು ಆಮೇಲೆ ಒಮ್ಮೆ ವಿಚಾರಿಸಿ. ಮುಂದೆ ತಲೆನೋವು ಬರುವುದೇ ಇಲ್ಲಿ.

ಅರ್ಜಿ ಹಾಕುವ ಮೊದಲು ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಈಗ ನಿಮ್ಮ ಮದುವೆಗೆ ಸಭೆಯ ಮುದ್ರೆ ಇಲ್ಲ. ದೇವರು ಹಾಗೆ ಮಾಡದಿರಲಿ, ನಾಳೆ ಅದು ಮುರಿದು ಕೋರ್ಟಿನಲ್ಲಿ ವಿಚ್ಛೇದನ ಆದರೆ ನೀವು ಚರ್ಚಿನಲ್ಲಿ ಇನ್ನೊಂದು ಮದುವೆಯಾಗಲು ಹೆಚ್ಚು ತೊಡಕಿಲ್ಲ. ಫಾರ್ಮ್ ಇರಲಿಲ್ಲ ಎಂಬ ದಾಖಲೆ ತೋರಿಸಿದರೆ ಸಾಕು. ಸನೇಶನ್ ಆದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಆಮೇಲೆ ಇದು ಪೂರ್ತಿ ಸಿಂಧುವಾದ ಮದುವೆ, ಬಿಡಿಸುವುದು ಸುಲಭವಲ್ಲ. ಪರಮಪ್ರಸಾದ ಸಿಗಲಿ ಎಂದು ಹಾಕಿಸಿಕೊಳ್ಳುವ ಮೊಹರು ಇದಲ್ಲ. ನಿಮ್ಮ ಪತ್ರ ಓದಿದರೆ ನಿಮಗೆ ಇದು ಹೆದರಿಕೆಯ ಮಾತಲ್ಲ ಅನಿಸುತ್ತದೆ.

ಆದೇಶ ಬಂದ ಮೇಲೆ ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪಗಳನ್ನು ಹೇಳಿ ಕ್ಷಮೆ ಪಡೆಯುವುದು. ಅದಕ್ಕಿಂತ ಮೊದಲು ಗುರುಗಳ ಜೊತೆ ಮಾತಾಡಬಹುದು, ಆದರೆ ಪಾಪಕ್ಷಮೆಯ ಮಾತು ಸಾಮಾನ್ಯವಾಗಿ ಆಮೇಲೆಯೇ. 11 ವರ್ಷದ್ದನ್ನೆಲ್ಲ ಪಟ್ಟಿ ಬರೆದುಕೊಂಡು ಹೋಗಬೇಕಿಲ್ಲ. ಗಂಭೀರವಾದದ್ದನ್ನು ನೆನಪಿರುವ ಮಟ್ಟಿಗೆ ಹೇಳಿ. ಸಭೆಯ ನಿಯಮ ಗೊತ್ತಿದ್ದೂ ಮೀರಿ ಮದುವೆಯಾದದ್ದನ್ನು ಹೇಳಿ. ಗಂಡನನ್ನು ಪ್ರೀತಿಸಿದ್ದಕ್ಕೆ ಕ್ಷಮೆ ಕೇಳಬೇಕಾಗಿಲ್ಲ. ಪ್ರಾರ್ಥನೆ ಮರೆತಿದ್ದರೆ ಗುರುಗಳು ಹೇಳಿಕೊಡುತ್ತಾರೆ. ಮುಂದಿನ ಪೂಜೆಯಲ್ಲೇ ಪರಮಪ್ರಸಾದ ಸ್ವೀಕರಿಸಬಹುದು.

ಅಲ್ಲಿಯವರೆಗೆ ಈಗ ಇದ್ದ ಹಾಗೇ ಇರಿ. ಗೊತ್ತಿಲ್ಲದ ಚರ್ಚಿಗೆ ಹೋಗಿ ಸಾಲಿನಲ್ಲಿ ನಿಂತುಬಿಡೋಣ ಅನಿಸಬಹುದು, ಬೇಡ. ಪೋಪ್ ಫ್ರಾನ್ಸಿಸ್ 2016ರಲ್ಲಿ ಬರೆದ ಅಮೋರಿಸ್ ಲೆತಿತ್ಸಿಯ ಪತ್ರದಿಂದ ಎಲ್ಲರಿಗೂ ಅನುಮತಿ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ. ಅಲ್ಲಿ ಚರ್ಚೆಯಾದದ್ದು ಜಾಸ್ತಿ ಮಟ್ಟಿಗೆ ವಿಚ್ಛೇದನ ಆಗಿ ಮರುಮದುವೆಯಾದವರ ಜಟಿಲ ಸ್ಥಿತಿ. ನಿಮ್ಮ ಮುಂದೆ ನೇರ ದಾರಿಯೇ ಇರುವಾಗ ಅಡ್ಡದಾರಿ ಹುಡುಕುವುದೇಕೆ? ಜೀವಕ್ಕೆ ಅಪಾಯ ಬಂದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಕಿಲ್ಲ, ಯಾವ ಗುರುಗಳೂ ಪಾಪಕ್ಷಮೆ ಕೊಡಬಹುದು.

ಇದೇ ಥರದ ಪ್ರಶ್ನೆ ಇರುವ ಇತರರಿಗೆ ಒಂದೆರಡು ಮಾತು. ಗಂಡನಿಗೋ ಹೆಂಡತಿಗೋ ಹಿಂದೆ ಒಂದು ಮದುವೆಯಾಗಿ ಕೋರ್ಟಿನಲ್ಲಿ ವಿಚ್ಛೇದನ ಆಗಿದ್ದರೆ ಸನೇಶನ್ ಸಿಗುವುದಿಲ್ಲ. ಇಬ್ಬರು ಹಿಂದೂಗಳ ಮದುವೆಯನ್ನೂ ಸಭೆ ನಿಜವಾದ ಮದುವೆ ಎಂದೇ ಗೌರವಿಸುತ್ತದೆ. ಮೊದಲು ಅದು ಚರ್ಚ್ ನ್ಯಾಯಮಂಡಳಿಯಲ್ಲಿ ತೀರ್ಮಾನ ಆಗಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆ ವಿಧಾನವನ್ನು ಸರಳ ಮಾಡಿದರು. ಮದುವೆ ಅಸಿಂಧು ಎಂದು ಎರಡು ಕಡೆ ಒಂದೇ ತೀರ್ಪು ಬರಬೇಕಿತ್ತು, ಈಗ ಒಂದು ಸಾಕು. ಸಂಗಾತಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಸಭೆಯವರಾಗಿದ್ದು ಅವರ ಚರ್ಚಿನಲ್ಲಿ ಅನುಮತಿ ಇಲ್ಲದೆ ಮದುವೆಯಾಗಿದ್ದರೆ ನಿಮ್ಮಂತೆಯೇ ಫಾರ್ಮಿನ ಕೊರತೆ, ಪರಿಹಾರವೂ ಇದೇ. ಮಲಂಕರ ಆರ್ಥೊಡಾಕ್ಸ್ ಅಥವಾ ಯಾಕೊಬೈಟ್ ಚರ್ಚಿನಲ್ಲಿ ಅವರ ಪಾದ್ರಿಯ ಮುಂದೆ ಆದ ಮದುವೆ ಮಾತ್ರ ಅನುಮತಿ ಇಲ್ಲದಿದ್ದರೂ ಸಿಂಧುವೇ, ಅಂಥವರು ಬೇಗ ಗುರುಗಳನ್ನು ಕಾಣಲಿ. ಕೇರಳ ಮೂಲದ ಸಿರೊ ಮಲಬಾರ್ ಕಥೋಲಿಕ್ ಸಭೆಗೆ ಸೇರಿದವರು ತಮ್ಮ ಸಭೆಯ ಗುರುಗಳ ಮೂಲಕವೇ ಹೋಗಬೇಕು.

ಸರ್ಕಾರದ ಕಾನೂನಿಗೂ ಇದಕ್ಕೂ ತಳುಕು ಹಾಕಬೇಡಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಆದ ಮದುವೆ ಮೊದಲಿನಂತೆಯೇ ಇರುತ್ತದೆ. ದಿನಾಂಕ ಬದಲಾಗುವುದಿಲ್ಲ, ಹೊಸ ನೋಂದಣಿ ಬೇಡ, ಮಕ್ಕಳ ಹಕ್ಕಿಗೆ ಚ್ಯುತಿ ಇಲ್ಲ. ಎದುರು ದಿಕ್ಕಿನಲ್ಲೂ ಅಷ್ಟೇ. ಚರ್ಚ್ ನ್ಯಾಯಮಂಡಳಿ ಮದುವೆ ಅಸಿಂಧು ಎಂದರೂ ಸರ್ಕಾರದ ಲೆಕ್ಕದಲ್ಲಿ ವಿಚ್ಛೇದನ ಆಗುವುದಿಲ್ಲ. ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಹೇಳಿತ್ತು. ನಮ್ಮ ದಕ್ಷಿಣ ಕನ್ನಡದ ಕ್ಲಾರೆನ್ಸ್ ಪಾಯ್ಸ್ ಅವರು ಚರ್ಚಿನ ತೀರ್ಪಿಗೂ ಮಾನ್ಯತೆ ಕೊಡಿ ಎಂದು ಹಾಕಿದ ಅರ್ಜಿಯನ್ನು 2017ರಲ್ಲಿ ತಳ್ಳಿಹಾಕಿತು.

ಮಾಡಬೇಕಾದ ಮೊದಲ ಕೆಲಸ, ನೀವು ಪೂಜೆಗೆ ಹೋಗುವ ಚರ್ಚಿನ ಕಚೇರಿಗೆ ಫೋನ್ ಮಾಡಿ ವಾರದ ದಿನ ಸಮಯ ಕೇಳುವುದು. ಭಾನುವಾರ ಪೂಜೆ ಮುಗಿದ ಗಡಿಬಿಡಿಯಲ್ಲಿ ಬಾಗಿಲ ಬಳಿ ನಿಂತು ಹೇಳುವ ವಿಷಯ ಅಲ್ಲ ಇದು. ಮಹಾಧರ್ಮಾಧ್ಯಕ್ಷರಿಗೆ ಬರೆಯುವ ಪತ್ರ ಅರ್ಧ ಪುಟ ಇದ್ದರೆ ಸಾಕು, ಕನ್ನಡದಲ್ಲೇ ಬರೆಯಿರಿ. ಯಾವಾಗ, ಎಲ್ಲಿ ಮದುವೆಯಾದಿರಿ, ಯಜಮಾನರು ಯಾಕೆ ಮತ್ತೆ ಸಮ್ಮತಿ ಹೇಳಲು ಒಪ್ಪುತ್ತಿಲ್ಲ, ನಿಮಗೆ ಏನು ಬೇಕು. ನನಗೆ ಬರೆದದ್ದರಲ್ಲಿ ಚಿಕ್ಕಮ್ಮನ ಮಾತನ್ನು ಬಿಟ್ಟು ಮಿಕ್ಕದ್ದನ್ನು ಹಾಗೇ ಬರೆದರೂ ಆಗುತ್ತದೆ.